‘ಪುಲ್ ಇಟ್ ಆಫ್’: ಆಗಲಿಕ್ಕಿಲ್ಲ ಅಂದದ್ದು ಆದಾಗ ಹೇಳುವ ಇಂಗ್ಲಿಷ್ ಮಾತು

2011ರ ಮಾರ್ಚ್ 2ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಕಪ್ ಪಂದ್ಯ. ಇಂಗ್ಲೆಂಡ್ 327 ರನ್ ಪೇರಿಸಿತ್ತು. ಬೆನ್ನಟ್ಟಿದ ಐರ್ಲೆಂಡ್ 111ಕ್ಕೆ 5 ವಿಕೆಟ್ ಕಳೆದುಕೊಂಡಾಗ ಪಂದ್ಯ ಮುಗಿದೇಹೋಯಿತು ಅಂದುಕೊಂಡವರೇ ಹೆಚ್ಚು. ಆಮೇಲೆ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ನೂರು ಹೊಡೆದರು, ಐರ್ಲೆಂಡ್ 3 ವಿಕೆಟ್‌ಗಳಿಂದ ಗೆದ್ದಿತು. ಇದನ್ನು ಇಂಗ್ಲಿಷಿನಲ್ಲಿ ‘ಐರ್ಲೆಂಡ್ ಪುಲ್ಡ್ ಇಟ್ ಆಫ್’ ಅನ್ನುತ್ತಾರೆ. ಎರಡು ವಾರದ ನಂತರ ಇದೇ ಮೈದಾನದಲ್ಲಿ ಆಸ್ಟ್ರೇಲಿಯಾ ಕೆನಡಾವನ್ನು 7 ವಿಕೆಟ್‌ಗಳಿಂದ ಸೋಲಿಸಿತು. ಅದೂ ಗೆಲುವೇ, ಆದರೆ ಅದಕ್ಕೆ ‘ಪುಲ್ಡ್ ಇಟ್ ಆಫ್’ ಅಂದರೆ ಕೇಳಿದವರು ನಕ್ಕುಬಿಡುತ್ತಾರೆ. ಆಸ್ಟ್ರೇಲಿಯಾ ಗೆಲ್ಲುತ್ತದೆ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲವಲ್ಲ.

ಈ ಮಾತಿನ ಜೀವ ಇರುವುದು ಆ ಅನುಮಾನದಲ್ಲಿ. ‘ಪುಲ್ ಆಫ್ ಅಂದರೆ ಸಾಧಿಸು’ ಅಂತ ಬರೆದುಕೊಂಡು ಬಾಯಿಪಾಠ ಮಾಡಿದವರು ಎಲ್ಲ ಯಶಸ್ಸಿಗೂ ಅದನ್ನೇ ಅಂಟಿಸುತ್ತಾರೆ. ಹಾಗಾಗಿ ಮೊದಲ ಕೆಲಸ, ಅರ್ಥವನ್ನು ಪೂರ್ತಿಯಾಗಿ ಹಿಡಿಯುವುದು: ಕಷ್ಟದ ಕೆಲಸ, ಆಗುತ್ತೋ ಇಲ್ಲವೋ ಅನ್ನುವ ಸಂಶಯ, ಕೊನೆಗೆ ಯಶಸ್ಸು. ಮೂರೂ ಇದ್ದರೆ ಮಾತ್ರ ಈ ಮಾತು.

ಮೊದಲು ‘ಅಂತೂ’ ಹಚ್ಚಿ ನೋಡಿ

ಸಂಶಯ ಇದೆಯೋ ಇಲ್ಲವೋ ತಿಳಿಯಲು ಕನ್ನಡದಲ್ಲೇ ಒಂದು ಸುಲಭದ ಪರೀಕ್ಷೆ ಇದೆ. ನೀವು ಹೇಳಬೇಕೆಂದಿರುವ ವಾಕ್ಯಕ್ಕೆ ‘ಅಂತೂ’ ಸೇರಿಸಿ, ಕ್ರಿಯಾಪದದ ಕೊನೆಗೆ ‘ಬಿಟ್ವಿ’ ಅಥವಾ ‘ಬಿಟ್ರು’ ಹಾಕಿ. ‘ಅಂತೂ ಮದುವೆ ಛತ್ರ ಸಿಗದೇ ಇದ್ರೂ ಮನೆ ಮುಂದೇನೇ ಮದುವೆ ಮಾಡಿಬಿಟ್ರು’ ಅನ್ನುವುದು ಸಹಜವಾಗಿ ಕೇಳಿಸುತ್ತದೆ, ಅಲ್ಲಿ ‘ದೇ ಪುಲ್ಡ್ ಇಟ್ ಆಫ್’ ಕೂರುತ್ತದೆ. ‘ಅಂತೂ ಬೆಳಗ್ಗೆ ಹಲ್ಲುಜ್ಜಿಬಿಟ್ಟೆ’ ಅಂದರೆ ತಮಾಷೆಯಾಗುತ್ತದೆ, ಅಲ್ಲಿ ಕೂರುವುದಿಲ್ಲ.

ಇಸ್ರೋದ ಉದಾಹರಣೆ ನೋಡಿ. 2019ರ ಸೆಪ್ಟೆಂಬರಿನಲ್ಲಿ ಚಂದ್ರಯಾನ-2ರ ವಿಕ್ರಂ ಲ್ಯಾಂಡರ್ ಇಳಿಯುವ ಕೊನೆಯ ಹಂತದಲ್ಲಿ ಸಂಪರ್ಕ ಕಳೆದುಕೊಂಡಿತ್ತು. ಆದ್ದರಿಂದ 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದವರಿಂದ ಹಿಡಿದು ಟಿವಿ ಮುಂದೆ ಕೂತವರವರೆಗೆ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ‘ಇಸ್ರೋ ಪುಲ್ಡ್ ಆಫ್ ಎ ಸಾಫ್ಟ್ ಲ್ಯಾಂಡಿಂಗ್’ ಅನ್ನುವ ವಾಕ್ಯಕ್ಕೆ ತೂಕ ಬರುವುದು ಆ ಹಿಂದಿನ ಸೋಲಿನಿಂದ. ಹಲವು ಬಾರಿ ಸರಾಗವಾಗಿ ನಡೆದಿರುವ ಪಿಎಸ್ಎಲ್‌ವಿ ಉಡಾವಣೆಗೆ ‘ಲಾಂಚ್ಡ್’ ಅಂದರೆ ಸಾಕು.

ಯಾವ ಪದ ಜೊತೆಗೆ ಬರುತ್ತದೆ, ಯಾವುದು ಬರುವುದಿಲ್ಲ

ಇಲ್ಲಿ ಎಡವುವವರು ತುಂಬಾ. ಗುರಿ ಮುಟ್ಟುವ ಮಾತು ಅಂದಮೇಲೆ ‘ಗೋಲ್’, ‘ಟಾರ್ಗೆಟ್’ ಜೊತೆ ಹಾಕಬಹುದು ಅಂತ ಅನಿಸುವುದು ಸಹಜ. ‘ವಿ ಪುಲ್ಡ್ ಆಫ್ ದ ಟಾರ್ಗೆಟ್’ ಅಂತ ಅಪ್ರೈಸಲ್ ಫಾರಂನಲ್ಲಿ ಬರೆಯುವವರೂ ಇದ್ದಾರೆ. ಅದು ತಪ್ಪು. ಈ ಕ್ರಿಯಾಪದ ಬಯಸುವುದು ಮಾಡಿ ತೋರಿಸಿದ ಕೆಲಸದ ಹೆಸರನ್ನು. ಮುಟ್ಟಬೇಕಾದ ಗೆರೆಯ ಹೆಸರು ಅದಕ್ಕೆ ಒಗ್ಗುವುದಿಲ್ಲ. ಡೀಲ್, ವಿನ್, ಟ್ರಿಕ್, ಸ್ಟಂಟ್, ಸರ್‌ಪ್ರೈಸ್, ಈವೆಂಟ್, ಲ್ಯಾಂಡಿಂಗ್ ಇವೆಲ್ಲ ಮಾಡಿ ತೋರಿಸುವಂಥವು, ಸೊಗಸಾಗಿ ಹೊಂದುತ್ತವೆ. ಬಲಾಢ್ಯ ತಂಡವನ್ನು ಸಣ್ಣ ತಂಡ ಮಣಿಸಿದಾಗ ಕ್ರೀಡಾಪುಟಗಳು ‘ಪುಲ್ಡ್ ಆಫ್ ಆ್ಯನ್ ಅಪ್‌ಸೆಟ್’ ಅನ್ನುತ್ತವೆ. ದೊಡ್ಡ ದರೋಡೆಯ ಸುದ್ದಿಯಲ್ಲಿ ‘ಪುಲ್ಡ್ ಆಫ್ ಎ ಹೈಸ್ಟ್’ ಅಂತಲೂ ಬರುತ್ತದೆ. ಒಳ್ಳೆಯದೋ ಕೆಟ್ಟದ್ದೋ ಅನ್ನುವ ಚಿಂತೆ ಈ ಮಾತಿಗಿಲ್ಲ, ಕಷ್ಟದ ಕೆಲಸ ಕೈಗೂಡಿತೇ ಅನ್ನುವುದಷ್ಟೇ ಅದಕ್ಕೆ ಬೇಕು.

ಒಗ್ಗದ ಪದಗಳಿಗೆ ಬೇರೆ ಜೊತೆ ಇದೆ. ಟಾರ್ಗೆಟ್‌ಗೆ ‘ಮೀಟ್’ ಅಥವಾ ‘ಹಿಟ್’, ಗೋಲ್‌ಗೆ ‘ಅಚೀವ್’ ಅಥವಾ ‘ರೀಚ್’, ಪರೀಕ್ಷೆಗೆ ‘ಪಾಸ್’, ಕೆಲಸ ಸಿಕ್ಕಿದ್ದಕ್ಕೆ ‘ಗಾಟ್’ ಅಥವಾ ‘ಲ್ಯಾಂಡೆಡ್’, ಕನಸಿಗೆ ‘ಫುಲ್‌ಫಿಲ್’.

ಹಾಗಿದ್ದರೂ ಟಾರ್ಗೆಟ್ ವಿಷಯ ಮಾತಾಡುವಾಗ ಈ ನುಡಿಗಟ್ಟನ್ನು ಬಳಸಲು ಒಂದು ದಾರಿ ಇದೆ. ಟಾರ್ಗೆಟ್ಟನ್ನು ಮೊದಲ ವಾಕ್ಯದಲ್ಲಿ ಹೇಳಿ, ಎರಡನೆಯದರಲ್ಲಿ ‘ಇಟ್’ ಹಾಕಿ: ‘ದ ಟಾರ್ಗೆಟ್ ವಾಸ್ ಟೂ ಕ್ರೋರ್ಸ್. ನೋಬಡಿ ಥಾಟ್ ದೇ ಕುಡ್ ಡೂ ಇಟ್. ಬಟ್ ದೇ ಪುಲ್ಡ್ ಇಟ್ ಆಫ್.’ ಈ ‘ಇಟ್’ ಆ ಇಡೀ ಸಾಹಸಕ್ಕೆ ನಿಂತಿದೆ. ಆದ್ದರಿಂದ ಸರಿಹೋಗುತ್ತದೆ.

ಇನ್ನೊಂದು ತಪ್ಪು, ಇದರ ಹಿಂದೆಯೇ ‘ಟು’ ಸೇರಿಸುವುದು. ‘ವಿ ಪುಲ್ಡ್ ಆಫ್ ಟು ಫಿನಿಶ್ ದ ವರ್ಕ್’ ಅನ್ನುವ ವಾಕ್ಯ ಇಂಗ್ಲಿಷಿನಲ್ಲಿ ಇಲ್ಲ. ‘ಟು’ ಬೇಕಾದರೆ ‘ಮ್ಯಾನೇಜ್ಡ್ ಟು ಫಿನಿಶ್’ ಅನ್ನಿ. ಎರಡನ್ನೂ ಒಟ್ಟಿಗೆ ಬಳಸುವ ಆಸೆ ಇದ್ದರೆ ‘ಸಮ್‌ಹೌ ವಿ ಮ್ಯಾನೇಜ್ಡ್ ಟು ಪುಲ್ ಇಟ್ ಆಫ್’. ಇದು ದಿನವೂ ಕೇಳಿಬರುವ, ತೀರಾ ಸಹಜವಾದ ವಾಕ್ಯ. ಹೇಗೋ ಏನೋ ಅಂತೂ ಆಯ್ತು ಅನ್ನುವ ಧ್ವನಿ ಪೂರ್ತಿ ಇದರಲ್ಲಿ ಬರುತ್ತದೆ.

‘ಇಟ್’ ನಡುವೆಯೇ ಕೂರಬೇಕು, ಬಿಟ್ಟುಹೋಗಲೂ ಬಾರದು

ನಿಯಮ ಚಿಕ್ಕದು. ಇಟ್, ದಿಸ್, ದಟ್, ದೆಮ್ ಥರದ ಪುಟ್ಟ ಪದಗಳು ಪುಲ್ ಮತ್ತು ಆಫ್‌ಗಳ ನಡುವೆ ಬರಬೇಕು. ‘ಪುಲ್ ಇಟ್ ಆಫ್’ ಸರಿ, ‘ಪುಲ್ ಆಫ್ ಇಟ್’ ತಪ್ಪು. ಪೂರ್ಣ ನಾಮಪದವಾದರೆ ಎರಡೂ ನಡೆಯುತ್ತದೆ: ‘ಪುಲ್ಡ್ ಆಫ್ ದ ಡೀಲ್’, ‘ಪುಲ್ಡ್ ದ ಡೀಲ್ ಆಫ್’. ಆದರೆ ನಾಮಪದ ಉದ್ದವಾಗುತ್ತಾ ಹೋದರೆ ಅದನ್ನು ಕೊನೆಗೆ ತಳ್ಳಿ. ‘ದೇ ಪುಲ್ಡ್ ದ ಬಿಗ್ಗೆಸ್ಟ್ ಡೀಲ್ ಇನ್ ದ ಹಿಸ್ಟರಿ ಅವ್ ದ ಕಂಪನಿ ಆಫ್’ ಅಂದರೆ ಕೇಳುವವರು ಕೊನೆಯ ‘ಆಫ್’ ಬರುವ ಹೊತ್ತಿಗೆ ಆರಂಭದ ‘ಪುಲ್ಡ್’ ಮರೆತಿರುತ್ತಾರೆ.

ಇದಕ್ಕಿಂತ ದೊಡ್ಡ ತೊಡಕು ಬೇರೆ ಇದೆ, ಅದು ನೇರ ಕನ್ನಡದಿಂದ ಬರುವಂಥದ್ದು. ಕನ್ನಡದಲ್ಲಿ ಕರ್ಮಪದ ಹೇಳದೆಯೇ ಮಾತು ಮುಗಿಯುತ್ತದೆ. ‘ಮಾಡಿಬಿಟ್ವಿ!’ ಅಂದರೆ ಏನನ್ನು ಅಂತ ಎದುರಿನವರಿಗೆ ಗೊತ್ತಿರುತ್ತದೆ, ‘ಅದನ್ನು’ ಅನ್ನುವ ಅಗತ್ಯವೇ ಇಲ್ಲ. ಅದೇ ಅಭ್ಯಾಸದಲ್ಲಿ ‘ವಿ ಪುಲ್ಡ್ ಆಫ್!’ ಅಂದುಬಿಡುತ್ತೇವೆ. ಇಂಗ್ಲಿಷ್ ಕಿವಿಗೆ ಇದು ಅರ್ಧಕ್ಕೆ ನಿಂತ ಮಾತು. ಅಷ್ಟೇ ಅಲ್ಲ, ಕರ್ಮಪದ ಇಲ್ಲದ ‘ಪುಲ್ಡ್ ಆಫ್’ಗೆ ಬೇರೆಯೇ ಅರ್ಥ ಇದೆ: ಗಾಡಿ ಹೊರಟಿತು, ಇಲ್ಲವೇ ಮುಖ್ಯರಸ್ತೆ ಬಿಟ್ಟು ಪಕ್ಕಕ್ಕೆ ತಿರುಗಿತು. ಗೆದ್ದ ಖುಷಿಯಲ್ಲಿ ‘ವಿ ಪುಲ್ಡ್ ಆಫ್’ ಅಂದರೆ ಕೇಳಿದವರು ನಿಮ್ಮ ಕಾರು ಹೊಸೂರು ರಸ್ತೆಯಲ್ಲಿ ಎಲ್ಲಿ ತಿರುಗಿತು ಅಂತ ಯೋಚಿಸಬಹುದು. ಈ ಒಂದು ತಪ್ಪನ್ನು ತಿದ್ದಿಕೊಳ್ಳಲು ಎಷ್ಟು ಹೊತ್ತು ಕೊಟ್ಟರೂ ನಷ್ಟವಿಲ್ಲ. ‘ಪುಲ್ ಆಫ್’ ಅಂತ ಎರಡು ಪದವಾಗಿ ಕಲಿಯಬೇಡಿ, ‘ಪುಲ್ ಇಟ್ ಆಫ್’ ಅಂತ ಮೂರು ಪದವಾಗಿಯೇ ಕಲಿಯಿರಿ.

ಕಾಲಗಳ ವಿಷಯ ಬೇಗ ಮುಗಿಯುತ್ತದೆ. ಆಗಿಹೋದದ್ದಕ್ಕೆ ‘ಪುಲ್ಡ್ ಇಟ್ ಆಫ್’. ಆಗಬೇಕಾದದ್ದಕ್ಕೆ ‘ಕ್ಯಾನ್ ವಿ ಪುಲ್ ಇಟ್ ಆಫ್?’. ಆಗದಿದ್ದರೆ ‘ಕುಡಂಟ್ ಪುಲ್ ಇಟ್ ಆಫ್’. ‘ಡಿಡಂಟ್ ಪುಲ್ಡ್’ ಅಲ್ಲ, ‘ಡಿಡಂಟ್’ ಬಂದಮೇಲೆ ಭೂತಕಾಲ ಅಲ್ಲಿಗೇ ಮುಗಿಯಿತು. ನಮ್ಮ ‘ಮಾಡ್ತಾ ಇದೀವಿ’ಯನ್ನು ನಂಬಿಕೊಂಡು ‘ವಿ ಆರ್ ಪುಲಿಂಗ್ ಇಟ್ ಆಫ್’ ಅನ್ನಬೇಡಿ. ಕೈಗೂಡುವುದು ಒಂದು ಕ್ಷಣದ ಸಂಗತಿ, ಅದು ಸಾಮಾನ್ಯವಾಗಿ ‘ನಡೀತಾ ಇರುವ’ ಕೆಲಸ ಅಲ್ಲ. ನಡುವೆ ಇದ್ದೀರಿ ಅನ್ನಬೇಕಾದರೆ ‘ವಿ ಆರ್ ಟ್ರೈಯಿಂಗ್ ಟು ಪುಲ್ ಇಟ್ ಆಫ್’.

ಬಾಯಲ್ಲಿ ಹೇಗೆ ಬರಬೇಕು

ಪುಲ್ ಅನ್ನುವಲ್ಲಿ ‘ಉ’ ಹ್ರಸ್ವ. ‘ಪೂಲ್’ ಅಂದರೆ ಈಜುಕೊಳ, ‘ಫುಲ್’ ಅಂದರೆ ಭರ್ತಿ. ಭೂತಕಾಲದ ರೂಪ ‘ಪುಲ್ಡ್’, ಒಂದೇ ಉಸಿರಿನದು. ಬರವಣಿಗೆ ನೋಡಿ ‘ಪುಲ್ಲೆಡ್’ ಅನ್ನಬಾರದು. ಕೊನೆಗೆ ‘ಉ’ ಅಂಟಿಸುವ ನಮ್ಮ ರೂಢಿಯನ್ನೂ, ಅಂದರೆ ‘ಇಟ್ಟು’, ‘ಆಫು’, ಇಲ್ಲಿ ಬಿಡಬೇಕು.

ಮೂರೂ ಪದಗಳು ವೇಗದ ಮಾತಿನಲ್ಲಿ ಸಂಧಿಯಾಗಿ ‘ಪುಲ್ಡಿಟಾಫ್’ ಅಂತ ಕೇಳಿಸುತ್ತವೆ. ಅಮೆರಿಕದವರ ಬಾಯಲ್ಲಿ ನಡುವಿನ ‘ಟ’ ಸಡಿಲಾಗಿ ‘ಪುಲ್ಡಿಡಾಫ್’ ಆಗುತ್ತದೆ, ಕಾಲ್‌ನಲ್ಲಿ ಅರ್ಥವಾಗದೇ ಹೋಗುವುದು ಇದೇ ಕಾರಣಕ್ಕೆ. ಒತ್ತು ಬೀಳುವುದು ಕೊನೆಯ ‘ಆಫ್’ ಮೇಲೆ. ನಾವು ರೂಢಿಯಂತೆ ಮೊದಲ ಅಕ್ಷರವನ್ನೇ ಒತ್ತಿ ‘ಪುಲ್’ ಅನ್ನುತ್ತೇವೆ. ಅರ್ಥ ಕೆಡುವುದಿಲ್ಲ, ಆದರೆ ಮಾತು ಅಪರಿಚಿತವಾಗಿ ಕೇಳಿಸುತ್ತದೆ. ಬರೆಯುವಾಗ ‘ಆಫ್’ಗೆ ಎರಡು ಎಫ್. ಒಂದು ಎಫ್ ಬಿಟ್ಟರೆ ಅದು ಷಷ್ಠಿ ವಿಭಕ್ತಿಯ ಪದವಾಗುತ್ತದೆ, ಉಚ್ಚಾರವೂ ‘ಅವ್’ ಹತ್ತಿರ ಹೋಗುತ್ತದೆ. ಮೊಬೈಲಿನ ಸ್ಪೆಲ್‌ಚೆಕ್ ಇದನ್ನು ಹಿಡಿಯುತ್ತದೆ ಅಂತ ನೆಚ್ಚಿಕೊಳ್ಳಬೇಡಿ, ಎರಡೂ ಸರಿಯಾದ ಪದಗಳೇ.

ದಾಯಾದಿಗಳು: ಕಾಲ್ ಆಫ್, ಪುಟ್ ಆಫ್, ಪುಲ್ ಔಟ್

ಅಪಾಯ ಹೆಚ್ಚಿರುವುದು ಇಲ್ಲಿ. ಅಪಾರ್ಟ್‌ಮೆಂಟಿನ ರಾಜ್ಯೋತ್ಸವ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಿ. ನವೆಂಬರ್ 1ರ ಬೆಳಗ್ಗೆ ಮಳೆ, ಆರ್ಕೆಸ್ಟ್ರಾದವರು ಇನ್ನೂ ಸಿಲ್ಕ್ ಬೋರ್ಡ್ ಹತ್ತಿರ ಸಿಕ್ಕಿಬಿದ್ದಿದ್ದಾರೆ. ಕಮಿಟಿ ಕಾರ್ಯಕ್ರಮ ರದ್ದು ಮಾಡಿದರೆ ‘ದೇ ಕಾಲ್ಡ್ ಇಟ್ ಆಫ್’. ಮುಂದಿನ ಭಾನುವಾರಕ್ಕೆ ಹಾಕಿದರೆ ‘ದೇ ಪುಟ್ ಇಟ್ ಆಫ್’. ಮಳೆಯಲ್ಲೇ ನಡೆಸಿ ಗೆದ್ದರೆ ‘ದೇ ಪುಲ್ಡ್ ಇಟ್ ಆಫ್’. ಕ್ರಿಯಾಪದ ಬಿಟ್ಟರೆ ಮೂರೂ ಒಂದೇ ಅಚ್ಚು, ಅರ್ಥ ಮೂರು ದಿಕ್ಕು. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ‘ಪುಲ್ಡ್’ ಬದಲು ‘ಕಾಲ್ಡ್’ ಅಂತ ಬಿದ್ದರೆ ಶಾಮಿಯಾನದವರು ಗಂಟುಮೂಟೆ ಕಟ್ಟಲು ಶುರುಮಾಡುತ್ತಾರೆ. ಮೂರನ್ನೂ ಒಂದೇ ಘಟನೆಗೆ ಕಟ್ಟಿ ಕಲಿಯುವುದು ಒಳ್ಳೆಯದು. ಬೇರೆಬೇರೆ ದಿನ ಬೇರೆಬೇರೆ ಉದಾಹರಣೆಯಲ್ಲಿ ಕಲಿತರೆ ಬೆರೆತುಹೋಗುತ್ತವೆ.

‘ಪುಲ್ ಔಟ್’ ಇನ್ನೂ ದುಬಾರಿ. ಅದರ ಅರ್ಥ ಹಿಂದೆ ಸರಿಯುವುದು. ‘ವಿ ಪುಲ್ಡ್ ಆಫ್ ದ ಡೀಲ್’ ಅಂದರೆ ಒಪ್ಪಂದ ಕುದುರಿತು, ‘ವಿ ಪುಲ್ಡ್ ಔಟ್ ಅವ್ ದ ಡೀಲ್’ ಅಂದರೆ ಒಪ್ಪಂದದಿಂದ ನಾವೇ ಹೊರಬಂದೆವು. ಕ್ಲೈಂಟ್ ಜೊತೆ ಮಾತಾಡುವಾಗ ಈ ಒಂದು ಪದ ತಪ್ಪಿದರೆ ಅದನ್ನು ಸರಿಪಡಿಸಲು ಹತ್ತು ಮೇಲ್ ಬೇಕು.

ಉಳಿದವು ಸಣ್ಣಪುಟ್ಟವು. ‘ಪುಲ್ ಥ್ರೂ’ ಅಂದರೆ ಕಾಯಿಲೆ ಅಥವಾ ಸಂಕಟದಿಂದ ಪಾರಾಗುವುದು. ‘ಪುಲ್ ಓವರ್’ ಅಂದರೆ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸುವುದು, ಟ್ರಾಫಿಕ್ ಪೊಲೀಸರು ಕೈ ಅಡ್ಡ ಹಾಕಿದಾಗ ಮಾಡುವ ಕೆಲಸ. ನಮ್ಮಲ್ಲಿ ‘ಮ್ಯಾನೇಜರ್ ಪುಲ್ಡ್ ಮಿ ಅಪ್’ ಅಂದರೆ ತರಾಟೆಗೆ ತೆಗೆದುಕೊಂಡರು ಅಂತ. ಇನ್ನು ‘ಈ ಸಂಬಳದಲ್ಲಿ ಹೇಗೋ ಪುಲ್ ಆನ್ ಮಾಡ್ತಿದೀನಿ’ ಅನ್ನುವ ಬೆಂಗಳೂರಿನ ಮಾತು ಇದೆಯಲ್ಲ, ಅದು ಇಲ್ಲಿಯದೇ ಬೆಳೆ. ಹೊರಗಿನವರಿಗೆ ‘ಪುಲ್ ಆನ್’ ಅಂದರೆ ಕಾಲುಚೀಲ ಎಳೆದು ಹಾಕಿಕೊಳ್ಳುವುದು. ಕನ್ನಡದಲ್ಲಿ ಧಾರಾಳವಾಗಿ ಬಳಸಿ, ವಿದೇಶದವರ ಜೊತೆ ಬೇಡ.

ಯಾರ ಮುಂದೆ, ಎಲ್ಲಿ

ಈ ಮಾತಿನೊಳಗೆ ಸಂಶಯ ಅಡಗಿದೆ ಅಂದೆವಲ್ಲ, ಅದರ ಪರಿಣಾಮ ಆಫೀಸಿನಲ್ಲಿ ಗೊತ್ತಾಗುತ್ತದೆ. ಕ್ಲೈಂಟ್‌ಗೆ ‘ವಿ ಕ್ಯಾನ್ ಪುಲ್ ಇಟ್ ಆಫ್’ ಅಂದರೆ ಭರವಸೆ ಕೊಟ್ಟಂತೆ ನಿಮಗೆ ಅನಿಸಬಹುದು. ಅವರಿಗೆ ಕೇಳಿಸುವುದು ‘ಕಷ್ಟ ಇದೆ, ಆಗಬಹುದು’ ಅಂತ. ಮಾತು ಕೊಡುವುದೇ ಆದರೆ ‘ವಿ ವಿಲ್ ಡೆಲಿವರ್ ಇಟ್ ಬೈ ಫ್ರೈಡೇ’ ಅನ್ನಿ. ಅದೇ ನಿಮ್ಮ ಟೀಮಿನೊಳಗೆ, ರಿಲೀಸ್‌ಗೆ ಮೂರು ದಿನ ಇರುವಾಗ, ‘ಕ್ಯಾನ್ ವಿ ಪುಲ್ ದಿಸ್ ಆಫ್?’ ಅಂತ ಕೇಳುವುದು ಪ್ರಾಮಾಣಿಕ ಪ್ರಶ್ನೆ. ಕಷ್ಟವನ್ನು ಒಪ್ಪಿಕೊಂಡೇ ಕೇಳಿದಂತಾಗುತ್ತದೆ, ಉತ್ತರವೂ ನೇರವಾಗಿ ಬರುತ್ತದೆ.

ಹೊಗಳುವಾಗಲೂ ಎಚ್ಚರ. ಹಿರಿಯರೊಬ್ಬರು ಪ್ರೆಸೆಂಟೇಶನ್ ಮುಗಿಸಿ ಬಂದಾಗ ‘ಸರ್, ಯೂ ಪುಲ್ಡ್ ಇಟ್ ಆಫ್!’ ಅಂದರೆ, ‘ಓಹೋ, ನನ್ನ ಕೈಲಾಗಲ್ಲ ಅಂದುಕೊಂಡಿದ್ದೆಯಾ?’ ಅಂತ ಅವರಿಗೆ ಚುಚ್ಚಬಹುದು. ಕಷ್ಟವನ್ನು ಕೆಲಸದ ಮೇಲೆ ಹೊರಿಸಿ, ವ್ಯಕ್ತಿಯ ಮೇಲಲ್ಲ: ‘ದಟ್ ವಾಸ್ ಎ ಟಫ್ ಆಡಿಯನ್ಸ್, ಸರ್. ಐ ಡೋಂಟ್ ನೋ ಹೌ ಯೂ ಪುಲ್ಡ್ ಇಟ್ ಆಫ್.’ ಮಾತು ಅದೇ, ಈಗ ಅದು ಶುದ್ಧ ಮೆಚ್ಚುಗೆ.

ಬರವಣಿಗೆಯಲ್ಲಿ ಇದು ಚಾಟ್, ಸ್ನೇಹಿತರ ಮೇಲ್, ಕ್ರೀಡಾಸುದ್ದಿಗಳಿಗೆ ಸೇರಿದ್ದು. ರೆಸ್ಯೂಮೆ, ಬ್ಯಾಂಕಿನ ಅರ್ಜಿ, ಸರ್ಕಾರಿ ಪತ್ರಗಳಲ್ಲಿ ‘ಕಂಪ್ಲೀಟೆಡ್’, ‘ಅಚೀವ್ಡ್’ ಸಾಕು.

ಅಭ್ಯಾಸ

ಕಲಿಯುವವರಿಗಾಗಿಯೇ ಮಾಡಿದ ಆಕ್ಸ್‌ಫರ್ಡ್ ಅಥವಾ ಲಾಂಗ್‌ಮನ್ ನಿಘಂಟು ತೆಗೆಯಿರಿ. ಹಳೆಯ ಮುದ್ರಣವಾದರೂ ಪರವಾಗಿಲ್ಲ, ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟಿನಲ್ಲೋ ಸೆಕೆಂಡ್‌ಹ್ಯಾಂಡ್ ಪ್ರತಿ ಹುಡುಕಬಹುದು, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ ಕೂತೂ ನೋಡಬಹುದು. ‘ಆಫ್’ ಅಡಿಯಲ್ಲಿ ಹುಡುಕಬೇಡಿ, ‘ಪುಲ್’ ನಮೂದಿನ ಕೊನೆಗೆ ಈ ಜೋಡಿಪದಗಳ ಪಟ್ಟಿ ಇರುತ್ತದೆ. ಅಲ್ಲಿ ಪುಲ್ ಮತ್ತು ಆಫ್‌ಗಳ ನಡುವೆ ಎರಡೂ ಕಡೆ ಮೂತಿ ಇರುವ ಬಾಣದ ಗುರುತು ಕಂಡರೆ ಅದರ ಅರ್ಥ, ಕರ್ಮಪದ ನಡುವೆಯೂ ಬರಬಹುದು ಕೊನೆಗೂ ಬರಬಹುದು ಅಂತ. ಈ ಗುರುತು ಓದಲು ಬಂದರೆ ಇಂಥ ನೂರಾರು ಜೋಡಿಪದಗಳಿಗೆ ಅದೇ ಕೀಲಿ.

ಆಮೇಲೆ ನಿಮ್ಮದೇ ಬದುಕಿನ ಆರು ಘಟನೆ ಬರೆದುಕೊಳ್ಳಿ. ಮೂರು ನಿಜಕ್ಕೂ ಅನುಮಾನ ಇದ್ದು ಆದಂಥವು, ಮೂರು ಸಲೀಸಾಗಿ ಆದಂಥವು. ಮೊದಲ ಮೂರಕ್ಕೆ ಮಾತ್ರ ಈ ಮಾತು ಬಳಸಿ ವಾಕ್ಯ ಮಾಡಿ, ಉಳಿದವಕ್ಕೆ ಬೇರೆ ಕ್ರಿಯಾಪದ ಹುಡುಕಿ. ಎಲ್ಲಿ ಬಳಸಬಾರದು ಅನ್ನುವುದು ಕೈಗೆ ಹತ್ತುವುದು ಈ ಎರಡನೇ ಭಾಗದಿಂದ, ಅದನ್ನು ಬಿಡಬೇಡಿ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಹೋಗುವಷ್ಟು ಹೊತ್ತಿನಲ್ಲಿ ಆರನ್ನೂ ಬಾಯಲ್ಲಿ ತಿರುಗಿಸಬಹುದು.

ಈ ನಾಲ್ಕನ್ನು ಮೊದಲು ನೀವೇ ಇಂಗ್ಲಿಷಿಗೆ ತನ್ನಿ, ಆಮೇಲೆ ಮುಂದಕ್ಕೆ ಓದಿ.

1. ಮಳೆ ಬಂದ್ರೂ ಗಣೇಶನ ಮೆರವಣಿಗೆ ಅಂತೂ ಮಾಡಿಬಿಟ್ವಿ.
2. ತಂಗಿ ಈ ಸಲ ಎಸ್ಸೆಸ್ಸೆಲ್ಸಿ ಪಾಸಾದಳು.
3. ಶುಕ್ರವಾರದೊಳಗೆ ಆಗಲ್ಲ ಅನ್ಸುತ್ತೆ.
4. ಆ ಹಳದಿ ಕೋಟು ಅವನೊಬ್ಬನಿಗೇ ಒಪ್ಪೋದು.

ಒಂದನೆಯದು: ‘ವಿ ಪುಲ್ಡ್ ಆಫ್ ದ ಪ್ರೊಸೆಶನ್ ಇನ್ ಸ್ಪೈಟ್ ಅವ್ ದ ರೇನ್.’ ಎರಡು ಎಫ್‌ನದೂ ಒಂದು ಎಫ್‌ನದೂ ಒಂದೇ ವಾಕ್ಯದಲ್ಲಿ ಬಂದಿವೆ, ಬರೆದು ನೋಡಿ. ಎರಡನೆಯದಕ್ಕೆ ‘ಪಾಸ್ಡ್’ ಅಷ್ಟೇ. ಮೂರನೆಯದು: ‘ಐ ಡೋಂಟ್ ಥಿಂಕ್ ವಿ ಕ್ಯಾನ್ ಪುಲ್ ಇಟ್ ಆಫ್ ಬೈ ಫ್ರೈಡೇ.’ ಕನ್ನಡದಲ್ಲಿ ‘ಇಲ್ಲ’ ಅನ್ನುವುದು ಕೆಲಸದ ಮೇಲೆ ಬೀಳುತ್ತದೆ, ಇಂಗ್ಲಿಷಿನಲ್ಲಿ ಅದು ‘ಥಿಂಕ್’ ಮೇಲೆ ಬೀಳುವುದೇ ವಾಡಿಕೆ. ‘ಐ ಥಿಂಕ್ ವಿ ಕಾಂಟ್’ ತಪ್ಪಲ್ಲ, ತುಸು ಒರಟು.

ನಾಲ್ಕನೆಯದು ಸ್ವಲ್ಪ ಚೇಷ್ಟೆಯದು. ಎಲ್ಲರಿಗೂ ಒಪ್ಪದ ಬಟ್ಟೆಯನ್ನೋ ಹೇರ್‌ಸ್ಟೈಲನ್ನೋ ಒಬ್ಬರು ಧೈರ್ಯವಾಗಿ ತೊಟ್ಟು ದಕ್ಕಿಸಿಕೊಂಡರೆ ಅದಕ್ಕೂ ಇದೇ ಮಾತು: ‘ಓನ್ಲಿ ಹೀ ಕ್ಯಾನ್ ಪುಲ್ ಆಫ್ ದಟ್ ಯೆಲೋ ಕೋಟ್.’ ಇಲ್ಲಿ ‘ಕ್ಯಾನ್’ ಬಿಡಬಾರದು. ‘ಹೀ ಪುಲ್ಡ್ ಆಫ್ ಹಿಸ್ ಕೋಟ್’ ಅಂದರೆ ಕೋಟು ಕಳಚಿದ ಅಂತಲೇ ಅರ್ಥ.

ಕೊನೆಗೆ, ಯಾರಾದರೂ ನಿಮಗೇ ‘ಯೂ ಪುಲ್ಡ್ ಇಟ್ ಆಫ್!’ ಅಂದರೆ ಏನನ್ನಬೇಕು? ‘ಥ್ಯಾಂಕ್ಸ್, ಜಸ್ಟ್ ಅಬೌಟ್’ ಅಂದರೆ ‘ಹೂಂ, ಹೇಗೋ ಆಯ್ತು’ ಅಂದಂತೆ. ಜೊತೆಗಿದ್ದವರನ್ನೂ ಸೇರಿಸಿಕೊಳ್ಳಬೇಕಿದ್ದರೆ ‘ವಿ ಆಲ್ ಡಿಡ್’ ಅನ್ನಿ.